ಮುಮ್ತಾಜಳ ಮೊಮ್ಮಕ್ಕಳು

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೇಸ್ ಕುದುರೆ ಸಾಕುವವರೂ ಇದನ್ನು ನಂಬುತ್ತಾರೆ. ಆದರೆ ರೇಸಿನ ಇತಿಹಾಸದ ಅತಿ ವೇಗದ ಹೆಣ್ಣು ಕುದುರೆಗಳಲ್ಲಿ ಒಂದಾದ ಮುಮ್ತಾಜ್ ಮಹಲ್ ವಿಷಯದಲ್ಲಿ ಗಾದೆ ಒಂದು ತಲೆಮಾರು ತಡವಾಗಿ ನಿಜವಾಯಿತು.

ಬೂದು ಬಣ್ಣದ ಈ ಕುದುರೆ ಇಂಗ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿತು. ಮರುವರ್ಷ ಡಾಂಕಾಸ್ಟರ್ ಹರಾಜಿನಲ್ಲಿ ಮೂರನೆಯ ಆಗಾಖಾನರ ಪರವಾಗಿ ಜಾರ್ಜ್ ಲ್ಯಾಂಬ್ಟನ್ ಇದನ್ನು 9,100 ಗಿನಿಗೆ ಕೊಂಡರು. ಆಗಾಖಾನರೆಂದರೆ ಬೇರೆ ಯಾರೂ ಅಲ್ಲ. 1942ರಲ್ಲಿ ಗಾಂಧೀಜಿಯವರನ್ನು ಬ್ರಿಟಿಷರು ಸೆರೆಯಲ್ಲಿಟ್ಟದ್ದು ಪುಣೆಯಲ್ಲಿದ್ದ ಇವರ ಅರಮನೆಯಲ್ಲೇ. ಒಂದು ವರ್ಷದ ಮರಿಗೆ ಅಷ್ಟು ಬೆಲೆ ತೆತ್ತದ್ದಕ್ಕೆ ಕಾರಣವಿತ್ತು. ಅದರ ತಂದೆ ದಿ ಟೆಟ್ರಾರ್ಕ್ 1913ರಲ್ಲಿ ಓಡಿದ ಏಳಕ್ಕೆ ಏಳೂ ಪಂದ್ಯಗಳನ್ನು ಗೆದ್ದಿತ್ತು.

1923ರಲ್ಲಿ ಮುಮ್ತಾಜ್ ಆರು ಪಂದ್ಯ ಓಡಿ ಐದನ್ನು ಗೆದ್ದಳು. ಆಸ್ಕಾಟ್‌ನ ಕ್ವೀನ್ ಮೇರಿ ಪಂದ್ಯದಲ್ಲಿ ಹಿಂದಿನ ಕುದುರೆ ಹತ್ತು ಕುದುರೆಯುದ್ದ ದೂರದಲ್ಲಿತ್ತು! ಕೆಸರು ನೆಲದ ಕೆಂಪ್ಟನ್‌ನಲ್ಲಿ ಮಾತ್ರ ಸೋಲಾಯಿತು. ಜನ ಅವಳನ್ನು 'ಹಾರುವ ಕುದುರೆ' ಎಂದು ಕರೆದರು.

ಮರುವರ್ಷ ಎಂಟು ಫರ್ಲಾಂಗಿನ ಒನ್ ಥೌಸಂಡ್ ಗಿನೀಸ್ ಪಂದ್ಯದಲ್ಲಿ ಬಹುದೂರ ಮುಂದಿದ್ದವಳನ್ನು ಕೊನೆಯಲ್ಲಿ ಪ್ಲ್ಯಾಕ್ ಹಿಂದಿಕ್ಕಿತು. ಆಸ್ಕಾಟ್‌ನ ಇನ್ನೊಂದು ಮೈಲಿ ಪಂದ್ಯದಲ್ಲೂ ಸೋಲು. ಮತ್ತೆ ಐದಾರು ಫರ್ಲಾಂಗಿಗೆ ಇಳಿಸಿದಾಗ ಎರಡು ಗೆಲುವು. ಒಟ್ಟು ಹತ್ತು ಓಟ, ಏಳು ಗೆಲುವು. ವೇಗವಿದೆ, ದಮ್ಮಿಲ್ಲ ಎಂಬುದು ಪಂಡಿತರ ತೀರ್ಪು. ಹನ್ನೆರಡು ಫರ್ಲಾಂಗಿನ ಡರ್ಬಿಯೇ ಕುದುರೆಯ ಯೋಗ್ಯತೆಗೆ ಅಳತೆಗೋಲಾಗಿದ್ದ ಕಾಲ ಅದು. ಇಂಥ ತಾಯಿಯ ಸಂತಾನದ ಮೇಲೆ ಯಾರಿಗೂ ದೊಡ್ಡ ಭರವಸೆ ಇರಲಾರದು.

ಹೆಣ್ಣುಮಕ್ಕಳೂ ಆ ತೀರ್ಪನ್ನು ಸುಳ್ಳು ಮಾಡಲಿಲ್ಲ. ಮಾಹ್ ಮಹಲ್ ಆಗಲಿ ಮುಮ್ತಾಜ್ ಬೇಗಂ ಆಗಲಿ ಮೈದಾನದಲ್ಲಿ ದೊಡ್ಡ ಹೆಸರು ಮಾಡಲಿಲ್ಲ. ರುಸ್ತುಂ ಮಹಲ್ ಪಂದ್ಯಕ್ಕೇ ಇಳಿಯಲಿಲ್ಲ. ಆದರೆ ಮಾಹ್ ಮಹಲಳ ಮಗ ಮಹಮೂದ್ 1936ರಲ್ಲಿ ಅದೇ ಡರ್ಬಿಯನ್ನು 2 ನಿಮಿಷ 33.8 ಸೆಕೆಂಡಿನಲ್ಲಿ ಗೆದ್ದ. ಆ ದಾಖಲೆ 1995ರವರೆಗೆ ಮುರಿಯಲಿಲ್ಲ. ದಮ್ಮಿಲ್ಲದವಳ ಮೊಮ್ಮಗ! ರುಸ್ತುಂ ಮಹಲಳ ಮಗ ಅಬರ್ನಂಟ್ ಅಜ್ಜಿಯಂತೆಯೇ ಬೂದು ಬಣ್ಣದ, ಸಣ್ಣ ದೂರದ ಸರದಾರ. ಮುಮ್ತಾಜ್ ಬೇಗಂ ಹೆತ್ತ ನಸ್ರುಲ್ಲಾ ಅಮೆರಿಕಕ್ಕೆ ಹೋಗಿ ಐದು ಬಾರಿ ಅಲ್ಲಿನ ಅಗ್ರ ಬೀಜಕುದುರೆಯಾದ; 1973ರಲ್ಲಿ ಮನೆಮಾತಾದ ಸೆಕ್ರೆಟೇರಿಯಟ್ ಅವನ ಮೊಮ್ಮಗ. ಆಗಾಖಾನ್ ಮನೆತನದಲ್ಲೇ ಉಳಿದ ಹೆಣ್ಣು ಸಂತತಿಯಲ್ಲಿ 1959ರ ಓಕ್ಸ್ ಗೆದ್ದ ಪೆಟೀಟ್ ಎಟ್ವಾಲ್, 2008ರಲ್ಲಿ ಪ್ಯಾರಿಸ್ಸಿನ ಆರ್ಕ್ ಗೆದ್ದ ಝರ್ಕಾವಾ ಬಂದವು. ಅಜ್ಜಿ 1945ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡಳು.

ಈ ರಕ್ತ ಕನ್ನಡ ನಾಡಿಗೂ ಬಂದಿದೆ. ಯಳಂದೂರಿನ ಜಹಗೀರು ಪಡೆದ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4,000 ಸವಾರರ ಪಡೆಯನ್ನು ಸಾಕಬೇಕಿತ್ತು. ದಂಡಿನ ಕುದುರೆ ಬೆಳೆಸುತ್ತಿದ್ದ ಕುಣಿಗಲ್ ಫಾರ್ಮು ಮುಂದೆ ರೇಸ್ ಕುದುರೆಗಳ ತೌರುಮನೆಯಾಯಿತು. ಅಲ್ಲಿ ಬೀಜಕುದುರೆಯಾಗಿದ್ದ ಪ್ಲೇಸರ್‌ವಿಲ್, 1993ರಲ್ಲಿ ಆಸ್ಕಾಟ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಪಂದ್ಯ ಗೆದ್ದವನು. ಅವನ ತಂದೆ ಮಿಸ್ಟರ್ ಪ್ರಾಸ್ಪೆಕ್ಟರ್; ಅಜ್ಜಿ ಗೋಲ್ಡ್ ಡಿಗ್ಗರ್; ಅವಳ ತಂದೆ ನಶುವಾ, ನಸ್ರುಲ್ಲಾನ ಮಗ. ಅಲ್ಲಿಂದ ಇನ್ನೆರಡು ಮೆಟ್ಟಿಲು ಏರಿದರೆ ಸಿಗುವವಳು ಮುಮ್ತಾಜ್ ಮಹಲ್.