ಛಾವಣಿಯ ಕೆಳಗಿನ ದೊರೆತನ

1978ನೆಯ ಇಸವಿ, ಡಿಸೆಂಬರ್ 22. ನ್ಯೂಯಾರ್ಕ್ ಪಟ್ಟಣದ ಮೂಡಣಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡ್ ದ್ವೀಪದಲ್ಲಿ, ಯೂನಿಯನ್‌ಡೇಲ್ ಎಂಬಲ್ಲಿಯ ನಸ್ಸಾ ಕೊಲಿಸಿಯಂನ ದೀಪಗಳೆಲ್ಲ ಒಮ್ಮೆಗೇ ಬೆಳಗಿದವು. ಹೊರಗೆ ಮೈಕೊರೆವ ಮಾಗಿ. ಒಳಗೆ ಐಸ್ ಹಾಕಿ ಆಡುವ ಕಣಕ್ಕೆ ಹಸಿರು ಕೃತಕ ಹುಲ್ಲು ಹೊದಿಸಲಾಗಿತ್ತು. ಅದರ ಸುತ್ತ ಹತ್ತು ಸಾವಿರಕ್ಕೂ ಮಿಕ್ಕಿ ಜನ. ಮೊದಲ ಚೆಂಡನ್ನು ಒದೆಯುವ ಗೌರವ ಸಂದದ್ದು ಯಾವ ಫುಟ್‌ಬಾಲ್ ಆಟಗಾರನಿಗೂ ಅಲ್ಲ, ಬೇಸ್‌ಬಾಲಿನ ವೀರ ಪೀಟ್ ರೋಸ್‌ಗೆ. ಎದುರಾಳಿ ಸಿನ್ಸಿನಾಟಿ ಕಿಡ್ಸ್ ತಂಡದ ಒಡೆತನದಲ್ಲಿ ಅವನಿಗೂ ಪಾಲಿತ್ತು. ಆ ಕಾಲಗುಣವೇನೂ ಫಲಿಸಲಿಲ್ಲ. ನ್ಯೂಯಾರ್ಕ್ ಆರೋಸ್ 7–2ರಿಂದ ಗೆದ್ದಿತು. ಮೇಜರ್ ಇಂಡೋರ್ ಸಾಕರ್ ಲೀಗ್ ಎಂಬ ಹೊಸ ಸೀಮೆಗೆ ಅಂದು ಗುದ್ದಲಿಪೂಜೆಯಾಯಿತು.

ಬೀಜ ಬಿದ್ದದ್ದು ಅದಕ್ಕೂ ನಾಲ್ಕೂ ಮುಕ್ಕಾಲು ವರ್ಷ ಹಿಂದೆ. 1974ರ ಫೆಬ್ರವರಿ 11ರಂದು ಸೋವಿಯತ್ ಸೇನೆಯ ಫುಟ್‌ಬಾಲ್ ತಂಡವೊಂದು ಫಿಲಡೆಲ್ಫಿಯಾಕ್ಕೆ ಬಂದು, ಸ್ಪೆಕ್ಟ್ರಂ ಸಭಾಂಗಣದಲ್ಲಿ ಊರಿನ ಆಟಮ್ಸ್ ತಂಡವನ್ನು 6–3ರಿಂದ ಮಣಿಸಿತು. ನೋಡಲು ಬಂದವರು 11,790 ಮಂದಿ. ಊರಿನವರು ಸೋತರೂ ಅಷ್ಟು ಜನ ಕೂಗಿ ಕುಣಿದದ್ದು ಎಡ್ ಟೆಪರ್ ಎಂಬ ಉದ್ಯಮಿಯ ಮನಸ್ಸಿನಲ್ಲಿ ಉಳಿಯಿತು. ಅವರಿಗೆ ಜೊತೆಯಾದವರು ವಾಷಿಂಗ್ಟನ್ನಿನ ವಕೀಲ ಅರ್ಲ್ ಫೋರ್‌ಮನ್. ಲೀಗಿನ ಆಡಳಿತದ ಚುಕ್ಕಾಣಿ ಹಿಡಿದವರೂ ಅವರೇ. ಆರು ಊರುಗಳು ಕೂಡಿದವು: ನ್ಯೂಯಾರ್ಕ್, ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ಹ್ಯೂಸ್ಟನ್. ತಂಡಕ್ಕೆ 24 ಪಂದ್ಯ.

ಆ ಆಟದ ರೀತಿಯನ್ನು ತುಸು ಬಿಡಿಸಿ ಹೇಳಬೇಕು. ಗೋಲಿಯೂ ಸೇರಿ ಕಡೆಗೆ ಆರೇ ಜನ. ಹದಿನೈದು ನಿಮಿಷದ ನಾಲ್ಕು ಪಾಳಿ. ದಣಿದವನು ಹೊರಗೆ ಜಿಗಿಯುತ್ತಾನೆ, ಕಾದಿದ್ದವನು ಒಳಗೆ ಹಾರುತ್ತಾನೆ. ಅದಕ್ಕಾಗಿ ಆಟ ನಿಲ್ಲುವುದಿಲ್ಲ. ತಪ್ಪು ಮಾಡಿದವನು ಎರಡು ನಿಮಿಷ ಗಾಜಿನ ಹಿಂದೆ ಕೂತು ತನ್ನವರು ಒದ್ದಾಡುವುದನ್ನು ನೋಡಬೇಕು. ಎಲ್ಲಕ್ಕಿಂತ ಮಿಗಿಲಾದದ್ದು ಸುತ್ತಲಿನ ಹಲಗೆಗೋಡೆ. ಬಯಲಿನಲ್ಲಾದರೆ ಗೆರೆ ದಾಟಿದ ಚೆಂಡು ಸತ್ತಂತೆ. ಇಲ್ಲಿ ಅದು ಗೋಡೆಗೆ ಬಡಿದು ಮರಳಿ ಕಾಲಿಗೇ ಬರುತ್ತದೆ, ಮತ್ತೆ ಜೀವ. ಫುಟ್‌ಬಾಲಿನ ಹಿರಿಯರು ಇದನ್ನು ಆಟವೆಂದೇ ಎಣಿಸಲಿಲ್ಲ. ನನಗಾದರೋ, ಗೋಡೆಯ ಕೋನವನ್ನು ಮೊದಲೇ ಎಣಿಸಿ ಚೆಂಡು ಬರುವ ಜಾಗಕ್ಕೆ ಹೋಗಿ ನಿಲ್ಲುವುದು ಕಡಿಮೆ ಜಾಣ್ಮೆಯೆನಿಸುವುದಿಲ್ಲ.

ಹೀಗೆ ಹಿರಿಯರು ಕಡೆಗಣಿಸಿದ್ದೇ ಲೀಗಿಗೆ ವರವಾಯಿತು. ಜಗತ್ತಿನ ಫುಟ್‌ಬಾಲನ್ನೆಲ್ಲ ಆಳುತ್ತಿದ್ದ ಫಿಫಾದ ಆಣೆ ಈ ಛಾವಣಿಯ ಕೆಳಗೆ ನಡೆಯುತ್ತಿರಲಿಲ್ಲ. ಅಲ್ಲಿ ದಂಡನೆಗೆ ಒಳಗಾದವನಿಗೆ ಇಲ್ಲಿ ಆಶ್ರಯವುಂಟು. ಆ ಆಶ್ರಯ ಅರಸಿ ಬಂದವನು ಸ್ಲಾವಿಶಾ ಜುಂಗುಲ್. ಅಮೆರಿಕದವರ ಬಾಯಲ್ಲಿ ಸ್ಟೀವ್. ಯುಗೊಸ್ಲಾವಿಯದ ಹೈಡುಕ್ ಸ್ಪ್ಲಿಟ್ ತಂಡದ ಗೋಲುಗಾರ, ವಯಸ್ಸು ಇಪ್ಪತ್ತನಾಲ್ಕು. ಸೈನ್ಯದ ಕಡ್ಡಾಯ ಸೇವೆ ಮುಗಿಸದೆ ದೇಶ ಬಿಟ್ಟಿದ್ದ. ಅವನ ನಾಡಿನ ಫುಟ್‌ಬಾಲ್ ಮಂಡಳಿ ದೂರಿತ್ತಿತು, ಬಯಲಿನ ಆಟದ ಬಾಗಿಲುಗಳೆಲ್ಲ ಅವನಿಗೆ ಮುಚ್ಚಿಕೊಂಡವು. ತೆರೆದಿದ್ದದ್ದು ಒಂದೇ. ಆರೋಸ್ ತಂಡದ ತರಬೇತುದಾರ ಡಾನ್ ಪೊಪೊವಿಚ್ ಕೂಡ ಅದೇ ನಾಡಿನವನು.

ಋತು ಶುರುವಾದ ಮೇಲೆ ತಂಡ ಸೇರಿದ ಜುಂಗುಲ್ ಆಡಿದ್ದು 18 ಪಂದ್ಯ. ಹೊಡೆದದ್ದು 43 ಗೋಲು. ಇಕ್ಕಟ್ಟಿನಲ್ಲಿ ಹುಟ್ಟಿ ಬೆಳೆದವನಂತೆ ಆಡಿದ. ಲೀಗಿನ ಅತ್ಯುತ್ತಮ ಆಟಗಾರನೆಂಬ ಮನ್ನಣೆ ಮೊದಲ ವರ್ಷವೇ ಅವನ ಪಾಲಾಯಿತು. ‘ಒಳಾಂಗಣಗಳ ಒಡೆಯ’ ಎಂಬ ಬಿರುದೂ ಅಂಟಿಕೊಂಡಿತು. ಅದನ್ನು ಹೊಗಳಿಕೆಯೆಂದೇ ಎಲ್ಲರೂ ಬರೆದರು. ಹೊರಾಂಗಣದಲ್ಲಿ ಕಾಲಿಡಲು ಅಪ್ಪಣೆಯಿಲ್ಲದವನ ಬಿರುದು ಅದೆಂಬುದನ್ನು ನೆನೆದವರು ಕಡಿಮೆ.

ಋತು ಮುಗಿದಾಗ ಅಂಕಪಟ್ಟಿಯ ತುದಿಯಲ್ಲಿ ನಿಂತದ್ದು ಹ್ಯೂಸ್ಟನ್ ಸಮಿಟ್: 18 ಗೆಲುವು, ಆರೇ ಸೋಲು. ಆರೋಸ್ ಎರಡು ಗೆಲುವು ಹಿಂದಿತ್ತು. ಆದರೆ ಹ್ಯೂಸ್ಟನ್ನಿಗೆ ಫೈನಲ್ಲಿನ ಭಾಗ್ಯವಿರಲಿಲ್ಲ. ಆರೋಸ್ ಎದುರು ಬಂದದ್ದು ಫಿಲಡೆಲ್ಫಿಯಾ ಫೀವರ್. ಮೂರರಲ್ಲಿ ಎರಡು ಗೆದ್ದವರಿಗೆ ಕಿರೀಟ. ಮೊದಲೆರಡನ್ನೂ ಆರೋಸ್ ಗೆದ್ದಿತು, ಮೂರನೆಯದರ ಅಗತ್ಯವೇ ಬೀಳಲಿಲ್ಲ. ಆರೋಸ್ ಗೋಲಿ ಶೆಪ್ ಮೆಸಿಂಗ್ ಹಾರ್ವರ್ಡ್‌ನಲ್ಲಿ ಓದಿದವನು, 1972ರ ಮ್ಯೂನಿಕ್ ಒಲಿಂಪಿಕ್ಸ್ ಕಂಡವನು, 1977ರಲ್ಲಿ ಪೆಲೆಯ ಜೊತೆ ಕಾಸ್ಮೋಸ್ ತಂಡದಲ್ಲಿ ಕಪ್ ಗೆದ್ದವನು. ಬಯಲಿನಲ್ಲಿ ಆಗೊಮ್ಮೆ ಈಗೊಮ್ಮೆ ಚೆಂಡು ಕಾಣುವ ಗೋಲಿಗೆ ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ.

ಸಿನ್ಸಿನಾಟಿ ಕಿಡ್ಸ್ ಎರಡನೆಯ ಮಾಗಿ ಕಾಣಲಿಲ್ಲ. ಉಳಿದ ಐದರ ಜೊತೆಗೆ ಸೇಂಟ್ ಲೂಯಿ, ವಿಚಿಟಾ, ಬಫೆಲೊ, ಡೆಟ್ರಾಯಿಟ್, ಹಾರ್ಟ್‌ಫರ್ಡ್ ಸೇರಿ ತಂಡಗಳು ಹತ್ತಾದವು. ಪಟ್ಟ ಮಾತ್ರ 1982ರವರೆಗೂ ಆರೋಸ್ ಕೈಬಿಡಲಿಲ್ಲ, ಒಟ್ಟು ನಾಲ್ಕು ಸಲ. 1980–81ರ ಋತುವೊಂದರಲ್ಲೇ ಜುಂಗುಲ್ ನೂರು ಗೋಲಿನ ಗಡಿ ದಾಟಿದ. ಅವನು 1983ರಲ್ಲಿ ತಂಡ ಬಿಟ್ಟ. ಮರುವರ್ಷ ಆರೋಸ್ ಮುಚ್ಚಿತು.

ಅಷ್ಟರಲ್ಲಿ ನಿಷೇಧ ಸಡಿಲಿತ್ತು. 1984ರ ಬೇಸಿಗೆಯಲ್ಲಿ ಜುಂಗುಲ್ ಗೋಲ್ಡನ್ ಬೇ ಅರ್ಥ್‌ಕ್ವೇಕ್ಸ್ ಪರವಾಗಿ ಬಿಸಿಲಿನಲ್ಲಿ, ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನ ಬಯಲಿನಲ್ಲಿ ಆಡಿದ. ಅಲ್ಲಿಯೂ ವರ್ಷದ ಅತ್ಯುತ್ತಮ ಆಟಗಾರ ಅವನೇ ಆದ. ಆ ಲೀಗಿಗೆ ಅದೇ ಕೊನೆಯ ಬೇಸಿಗೆ.