ನೆರಳಿನ ಅಂಗಳಕ್ಕೆ ನಾಡ ಹೂಗಳು: ಬೀಜದಿಂದ ಬೆಳೆಸುವ ಬಗೆ

ನಗರದ ಮನೆಗಳ ಸುತ್ತ ಬಿಸಿಲು ಬೀಳದ ಜಾಗವೇ ಹೆಚ್ಚು. ಅಲ್ಲಿ ಏನೂ ಹೂ ಬಿಡದೆಂದು ಭಾವಿಸಿ ಸಿಮೆಂಟು ಹಾಸುವವರುಂಟು. ಬೇಗ ಹಸಿರಾಗಲೆಂದು ಅಮೆರಿಕದ ಉಷ್ಣವಲಯದಿಂದ ಬಂದ ವೆಡೇಲಿಯಾ ಬಳ್ಳಿ ಹಬ್ಬಿಸುವವರೂ ಉಂಟು. ಈ ಬಳ್ಳಿ ಅಂಗಳ ದಾಟಿ ಹರಡಿ ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುತ್ತದೆ. ಮರದಡಿಯ ಅರೆನೆರಳಿಗೆ ಒಗ್ಗಿದ ನಮ್ಮದೇ ನಾಡಿನ ಹೂಗಿಡಗಳನ್ನು ಬೀಜದಿಂದಲೇ ಬೆಳೆಸಬಹುದಾಗಿದೆ.

ನೆರಳಿನ ಪರೀಕ್ಷೆ

ಎಲೆಗಳ ನಡುವೆ ಸೋಸಿ ಬರುವ ಬೆಳಕು ಅಥವಾ ಬೆಳಗಿನ ಮೂರು–ನಾಲ್ಕು ಗಂಟೆಗಳ ಎಳೆಬಿಸಿಲು ಸಿಗುವ ಜಾಗ ಸೂಕ್ತ. ದಿನವಿಡೀ ಕತ್ತಲಿರುವ ಮೂಲೆಯಲ್ಲಿ ಗಿಡ ಬದುಕಿದರೂ ಹೂ ಬಿಡುವುದು ಅಪರೂಪ. ದಟ್ಟ ಮಾವಿನ ಮರದ ಬುಡದಲ್ಲಿ ಬೇರುಗಳು ನೀರು ಹೀರುವುದರಿಂದ ಅಂಥಲ್ಲಿ ಕುಂಡವೇ ಲೇಸು.

ಆಯ್ದ ಮೂರು ಗಿಡಗಳು

ಕರ್ಣಕುಂಡಲ (ಇಂಪೇಷಿಯನ್ಸ್ ಬಾಲ್ಸಮಿನ): ಒಂದೇ ಮಳೆಗಾಲದಲ್ಲಿ ಬದುಕು ಮುಗಿಸುವ ಗಿಡ. ಜೂನ್ ಆರಂಭದಲ್ಲಿ ಬಿತ್ತಿದರೆ ಒಂದೆರಡು ವಾರಗಳಲ್ಲಿ ಮೊಳೆತು, ಗೌರಿ ಹಬ್ಬದ ಸುಮಾರಿಗೆ ಹೂವಾಗುತ್ತದೆ. ಮಾಗಿದ ಕಾಯಿ ಮುಟ್ಟಿದೊಡನೆ ಸಿಡಿಯುತ್ತದೆ. ಹಳದಿಗೆ ತಿರುಗುವಾಗಲೇ ತೆಳುಬಟ್ಟೆಯ ಚೀಲ ಕಟ್ಟಿ ಬೀಜ ಹಿಡಿಯಬೇಕು.

ಕನಕಾಂಬರ (ಕ್ರೊಸಾಂಡ್ರ ಇನ್‌ಫಂಡಿಬುಲಿಫಾರ್ಮಿಸ್): ಹಲವು ವರ್ಷ ಬಾಳುವ ಪೊದೆ. ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಸಿಡಿದು ಬೀಜ ಚದುರುತ್ತದೆ. ಆದ್ದರಿಂದ ಮಳೆಗೆ ಮುನ್ನ ತೆನೆ ಕೊಯ್ಯಬೇಕು. ಹೊಸ ಬೀಜವೇ ಚೆನ್ನಾಗಿ ಮೊಳೆಯುತ್ತದೆ. ಮಾರುಕಟ್ಟೆಯಲ್ಲಿ ಜನಪ್ರಿಯವಾದ ‘ಡೆಲ್ಲಿ’ ತಳಿ ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿ ನೆಟ್ಟೇ ಬೆಳೆಸಬೇಕು.

ಅಗ್ನಿಶಿಖೆ (ಗ್ಲೋರಿಯೋಸಾ ಸುಪರ್ಬ): ಎಲೆಯ ತುದಿಯಿಂದಲೇ ಆಸರೆ ಹಿಡಿದು ಬೇಲಿಗೆ ಹಬ್ಬುವ ಬಳ್ಳಿ. ಬೀಜ ನಿಧಾನವಾಗಿ ಮೊಳೆಯುತ್ತದೆ. ಹೂವಿಗೆ ಎರಡು–ಮೂರು ವರ್ಷ ಕಾಯಬೇಕು. ಬೇಸಿಗೆಯಲ್ಲಿ ಬಳ್ಳಿ ಒಣಗಿದರೂ ಗೆಡ್ಡೆ ಜೀವಂತವಾಗಿರುತ್ತದೆ.

ಎಚ್ಚರ

ಅಗ್ನಿಶಿಖೆಯ ಪ್ರತಿಯೊಂದು ಭಾಗವೂ ವಿಷ. ಅದರಲ್ಲಿರುವ ಕಾಲ್ಚಿಸಿನ್ ಪ್ರಾಣಾಪಾಯ ತರಬಲ್ಲದು. ಗೆಡ್ಡೆಯಂತೂ ತಿನ್ನುವ ಗೆಣಸೆಂದು ಭ್ರಮೆ ಹುಟ್ಟಿಸುತ್ತದೆ. ಕರ್ಣಕುಂಡಲ, ಅಗ್ನಿಶಿಖೆ ಎರಡನ್ನೂ ಬೇರೆ ಬೇರೆ ಕಡೆ ‘ಗೌರಿ ಹೂ’ ಎಂದೇ ಕರೆಯುವುದುಂಟು. ಆದುದರಿಂದ ಬೀಜ ಪಡೆಯುವಾಗ ಸಸ್ಯಶಾಸ್ತ್ರೀಯ ಹೆಸರನ್ನೇ ಕೇಳಬೇಕು. ಮಕ್ಕಳು, ಸಾಕುಪ್ರಾಣಿಗಳಿರುವ ಮನೆಗೆ ಈ ಬಳ್ಳಿ ಬೇಡ.

ಬಿತ್ತನೆ

ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮವಾಗಿ ಬೆರೆಸಿ, ತಳದಲ್ಲಿ ತೂತಿರುವ ತಟ್ಟೆಯಲ್ಲಿ ತುಂಬಬೇಕು. ಕರ್ಣಕುಂಡಲ, ಕನಕಾಂಬರಗಳ ಬೀಜದ ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ನೀರನ್ನು ಸಿಂಪಡಿಸಬೇಕೇ ಹೊರತು ಸುರಿಯಬಾರದು. ನೆರಳಿನಲ್ಲಿ ತೇವ ಆರುವುದು ತಡವಾಗಿ ಎಳೆಸಸಿಗಳ ಬುಡ ಕೊಳೆಯುತ್ತದೆ. ನಾಲ್ಕೈದು ಎಲೆ ಮೂಡಿದ ಮೇಲೆ ನಾಟಿ ಮಾಡಬಹುದು. ರಾತ್ರಿ ಮೇಯುವ ಬಸವನಹುಳುಗಳನ್ನು ಕೈಯಿಂದ ಆಯ್ದು ತೆಗೆಯುವುದೇ ಸರಳ ಉಪಾಯ.

ಬೀಜ ಎಲ್ಲಿಂದ?

ಕರ್ಣಕುಂಡಲದ ಕುಲಕ್ಕೆ ಸೇರಿದ ಹಲವು ಕಾಡುಜಾತಿಗಳು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಪ್ರವಾಸದಲ್ಲಿ ಕಂಡ ಗಿಡವನ್ನು ಕಿತ್ತು ತಂದರೆ ಅದು ನಗರದ ಒಣಹವೆಯಲ್ಲಿ ಬಾಡುವುದಷ್ಟೇ ಅಲ್ಲ, ಕಾಡಿನಲ್ಲಿಯೂ ಅದರ ಸಂತತಿ ಕುಗ್ಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಗಿಡ ಅಥವಾ ಬೀಜ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಪರಿಚಿತರ ಹಿತ್ತಲು ಅಥವಾ ನಂಬಿಕಸ್ಥ ನರ್ಸರಿಯಿಂದ ಬೀಜ ಪಡೆದು, ಮುಂದಿನ ವರ್ಷ ತಮ್ಮ ಗಿಡದ ಬೀಜವನ್ನು ನೆರೆಯವರಿಗೂ ಹಂಚುವುದು ಉತ್ತಮ.