ಈ ನಳಿಗೆ ಬಡಿದ ಕೈ ಯಾರದು?



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳೇ ಮನಿಗಳ ಅಟ್ಟದಾಗ ಒಮ್ಮೊಮ್ಮೆ ತುಕ್ಕು ಹಿಡಿದ ಬಂದೂಕಿನ ನಳಿಗೆ ಸಿಗತಾವ. ಬಾಯಿಂದ ಮದ್ದು, ಗುಂಡು ತುಂಬಿ ಜಡಿಯುವಂಥವು. ಸಿಕ್ಕ ಕೂಡಲೇ "ಇದು ದೇಸಾಯರದು", "ಇದು ಟಿಪ್ಪು ಕಾಲದ್ದು" ಅಂತ ಮಾತು ಶುರು. ಹಿಡಿದವನ ಹೆಸರು ಎಲ್ಲರಿಗೂ ಬೇಕು, ಮಾಡಿದವನ ಹೆಸರು ಯಾರೂ ಕೇಳಂಗಿಲ್ಲ. ನಾನು ಕೇಳ್ತೀನಿ.

ನಳಿಗೆ ತಾನೇ ಸಾಕ್ಷಿ ಹೇಳತೈತಿ. ಮೊದಲು ಹಿಂಬದಿ ತುದಿ ನೋಡ್ರಿ. ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟದ ಮುದ್ರೆ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಯದಾಗಿರಬಹುದು. ಆ ಮನೆ ಕಾಯ್ದೆ ಪ್ರಕಾರ ಹುಟ್ಟಿದ್ದು 1813ರಲ್ಲಿ. ನಳಿಗೆಯ ಕೆಳಬದಿಯಲ್ಲಿ ಕೆಲಸಗಾರರ ಹೆಸರಿನ ಮೊದಲ ಅಕ್ಷರಗಳೂ ಸಿಗಬಹುದು. ಕುದುರೆ ಇರುವ ಕಡೆಯ ಪಟ್ಟಿ ಉಳಿದಿದ್ದರೆ ಕಂಪನಿಯ ಹೃದಯದಾಕಾರದ ಗುರುತು ಹುಡುಕ್ರಿ. 1808ರ ಸುಮಾರಿಗೆ ಅದರ ಜಾಗಕ್ಕೆ ನಿಂತ ಸಿಂಹ ಬಂತು. ಟಿಪ್ಪುವಿನ ಕಾರ್ಖಾನೆಯದಾದರೆ ಹುಲಿಪಟ್ಟೆಯ ಗುರುತು, ಬಲದಿಂದ ಎಡಕ್ಕೆ ಓದುವ ಇಸವಿ ಇರತಾವ.

ಯಾವ ಅಕ್ಷರವೂ ಇಲ್ಲದಿದ್ದರೆ? ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಕಾಸಿ, ಬಡಿದು ಬೆಸೆದ ಸುರುಳಿ ಗೆರೆ ಕಂಡರೆ, ಬತ್ತಿ ಇಡುವ ಬಟ್ಟಲು ನಳಿಗೆಗೇ ಅಂಟಿಕೊಂಡಿದ್ದರೆ ಅದು ಬಹುತೇಕ ನಮ್ಮ ನೆಲದ ಕುಲುಮೆಯದು. ಆದರೆ ಹುಷಾರ್! ಹಳೇ ನಳಿಗೆಗೆ ಹೊಸ ಹಿಡಿ ಹಾಕೋದು, ಬತ್ತಿ ಬಂದೂಕನ್ನು ಕೇಪಿನ ಬಂದೂಕು ಮಾಡೋದು ಮಾಮೂಲಿ. ಒಂದೇ ಬಂದೂಕಿನಾಗ ಎರಡು ಕಾಲ ಇರತಾವ.

ಈ ಸೀಮೆಯಲ್ಲಿ ಎಲ್ಲ ಕಡೆಯ ನಳಿಗೆಯೂ ಸಿಗಲು ಕಾರಣ ಐತಿ. ಬಾದಾಮಿ ಕೋಟೆಗೆ 1786ರಲ್ಲಿ ಮರಾಠರು, ನಿಜಾಮರು ಸೇರಿ ಮುತ್ತಿಗೆ ಹಾಕಿದರು, ಒಳಗಿದ್ದದ್ದು ಟಿಪ್ಪು ಸೈನ್ಯ. 1818ರಲ್ಲಿ ಮನ್ರೋ ಬಂದ. 1841ರಲ್ಲಿ ನರಸಿಂಗರಾಯನ ಜೊತೆ ಅರಬ್ ಸಿಪಾಯಿಗಳು ಬಂದರು. ದಂಡು ಹೋಯ್ತು, ಕಬ್ಬಿಣ ಉಳೀತು.

ಈಗ ಅಸಲಿ ಮಾತು. ಇಂಗ್ಲೆಂಡಿನ ಕೆಲಸಗಾರನ ಎರಡಕ್ಷರವಾದರೂ ಕಬ್ಬಿಣದ ಮೇಲೆ ಉಳೀತು. ನಮ್ಮ ಕಮ್ಮಾರನದು? ಅವನ ತಿದಿಗೆ ತೊಗಲು ಬೇಕಿತ್ತು. ಮದ್ದಿನ ಚೀಲಕ್ಕೂ ತೊಗಲೇ. ಆ ತೊಗಲು ಹದ ಮಾಡಿದವರು ಮಾದಿಗರು, ಸಮಗಾರರು. ತೊಗಲು ಕೋಟೆಯೊಳಗೆ ಹೋಯ್ತು, ಹದ ಮಾಡಿದವರು ಊರ ಹೊರಗೇ ಉಳಿದರು. ಕೋಟೆ ರಾಜನ ಹೆಸರಿಗೆ, ಬಂದೂಕು ದೇಸಾಯರ ಹೆಸರಿಗೆ!

ಬಂದೂಕು ಯಾರ ಕೈಯಲ್ಲಿರಬೇಕು ಅನ್ನೋದೂ ಅಧಿಕಾರದ ಲೆಕ್ಕವೇ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂತ ಕಾಯ್ದೆ ತಂತು. ನಮ್ಮ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದ್ರ ಬೇಟೆ, ಅನ್ನ, ಮಾನ. ಜಡಗ, ಬಾಲ, ಹನುಮ, ರಾಮ ಮುಂದಾಳಾದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿ, 14ರಂದು ಹಲಗಲಿಯಲ್ಲೇ 6 ಮಂದಿ ನೇಣಿಗೆ ಹೋದರು. ಅವರ ಹೆಸರು ಉಳಿಸಿದ್ದು ಲಾವಣಿ ಹಾಡಿದ ಜನ.

ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಅದು ಇವತ್ತಿಗೂ ನಡೆದೈತಿ. ಕೊಡವರ ಮೇಲೆ ನನ್ನ ತಕರಾರಿಲ್ಲ. ಒಂದೇ ರಾಜ್ಯಭಾರದಲ್ಲಿ ಒಬ್ಬರ ಬಂದೂಕು ಗೌರವ, ಇನ್ನೊಬ್ಬರದು ದಂಗೆ ಹೆಂಗಾತು? ಇದು ನನ್ನ ಪ್ರಶ್ನೆ.

ಅದಕ್ಕೇ ಹೇಳ್ತೀನಿ: ನಳಿಗೆ ಸಿಕ್ಕರೆ ಗುಜರಿಗೆ ಹಾಕಬೇಡ್ರಿ. ಬೆಂಕಿಗೆ ಹಿಡೀಬೇಡ್ರಿ, ಒಳಗೆ ಹಳೇ ಮದ್ದು ಇರಬಹುದು. ಹೊಳೆಯಲಿ ಅಂತ ಉಜ್ಜಬೇಡ್ರಿ, ಗುರುತು ಅಳಿಸಿ ಹೋಗತೈತಿ. ಫೋಟೋ ತೆಗೀರಿ, ಉದ್ದ, ಬಾಯಿ ಅಳೀರಿ, ಲೈಸೆನ್ಸ್ ವಿಚಾರ ವಕೀಲರನ್ನ ಕೇಳ್ರಿ. ಆಮೇಲೆ ಕೇರಿಯ ಅಜ್ಜ, ಅಮ್ಮನ ಹತ್ರ ಕೂತು ಆ ಊರಲ್ಲಿ ಕುಲುಮೆ ಎಲ್ಲಿತ್ತು, ತಿದಿ ಯಾರು ಹೊಲೀತಿದ್ದರು ಅಂತ ಕೇಳಿ ಬರಕೊಳ್ರಿ. ನಮ್ಮ ಇತಿಹಾಸ ನಾವೇ ಬರೀಬೇಕು.

ಜೈ ಭೀಮ್.